ರನ್‌ವೇಯ ಹಿಡಿತ ಅಳೆಯುವುದು ಹೇಗೆ: ಬಿಸಿಲು, ಮಳೆ, ಮಂಜು, ಹಿಮದಲ್ಲಿ ಘರ್ಷಣೆ ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಏರ್‌ಸೈಡ್ (ನಿಲ್ದಾಣದಲ್ಲಿ ವಿಮಾನಗಳು ಓಡಾಡುವ ಭಾಗ) ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಬಿಡಿಸಿಕೊಳ್ಳಬೇಕಾದ ಗೊಂದಲ ಒಂದಿದೆ. ರನ್‌ವೇ ಘರ್ಷಣೆಯ ಬಗ್ಗೆ ನಾವು ಕೇಳುವ ಪ್ರಶ್ನೆಗಳು ಎರಡು. ಈ ರನ್‌ವೇಯ ಮೇಲ್ಮೈ ಆರೋಗ್ಯವಾಗಿದೆಯೇ, ವಿಮಾನದ ಟಯರುಗಳಿಂದ ಅಂಟಿದ ರಬ್ಬರ್ ತೆಗೆಸಬೇಕೇ, ಹೊಸ ಡಾಂಬರು ಬೇಕೇ ಎನ್ನುವುದು ಒಂದು. ಈಗ, ಈ ಮಳೆಯಲ್ಲಿ, ಹತ್ತು ನಿಮಿಷದಲ್ಲಿ ಇಳಿಯಲಿರುವ ವಿಮಾನಕ್ಕೆ ನೆಲ ಹೇಗಿದೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಯಂತ್ರದಿಂದ ಸಿಗುತ್ತದೆ. ಅದಕ್ಕೆ ಒಣ ದಿನ ಬೇಕು, ನೀರನ್ನು ನಾವೇ ಹಾಕಬೇಕು. ಎರಡನೆಯದಕ್ಕೆ ಕಣ್ಣು, ಅಳತೆಪಟ್ಟಿ ಮತ್ತು ಅನುಭವ ಬೇಕು. ಮಳೆ ಬೀಳುವಾಗ ಯಂತ್ರ ಕೊಟ್ಟ ಅಂಕಿಯನ್ನು ಪೈಲಟ್‌ಗೆ ಓದಿ ಹೇಳುವಂತಿಲ್ಲ.

ಕಾರಣ ಸರಳ. ಘರ್ಷಣಾಂಕ, ಅಂದರೆ ನಮ್ಮವರು ಬಾಯಿಮಾತಿನಲ್ಲಿ ‘ಮ್ಯೂ’ ಎನ್ನುವುದು, ರನ್‌ವೇಯೊಂದರದ್ದೇ ಗುಣವಲ್ಲ. ಟಯರು, ಅದರ ಗಾಳಿಯೊತ್ತಡ, ವೇಗ, ನೀರಿನ ದಪ್ಪ, ಉಷ್ಣತೆ, ನೆಲ ಇಷ್ಟೂ ಸೇರಿ ಹುಟ್ಟುವ ಸಂಖ್ಯೆ ಅದು. ಯಾವುದೇ ವರದಿಯಲ್ಲಿ ಬರಿಯ 0.52 ಎಂದು ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ. ಯಾವ ಯಂತ್ರ, ಎಷ್ಟು ವೇಗ, ಎಷ್ಟು ನೀರು ಎಂದು ಪಕ್ಕದಲ್ಲೇ ಇರಬೇಕು.

ಇದರ ಬೆಲೆ ಏನೆಂದು ಕರಾವಳಿಯವರಿಗೆ ಗೊತ್ತು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ, 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ 21 ಜನ ಸತ್ತರು. ಎರಡೂ ಗುಡ್ಡದ ತಲೆ ಸವರಿ ಕಟ್ಟಿದ ರನ್‌ವೇಗಳು. ಎರಡರಲ್ಲೂ ತನಿಖೆ ಬೊಟ್ಟುಮಾಡಿದ್ದು ನೆಲದ ಕಡೆಗಲ್ಲ, ಇಳಿಯಬೇಕಾದ ಜಾಗವನ್ನು ದಾಟಿ ಬಹಳ ಮುಂದೆ ಇಳಿದದ್ದರ ಕಡೆಗೆ. ಮಂಗಳೂರಿನಲ್ಲಿ ಅಂದು ಮಳೆಯೂ ಇರಲಿಲ್ಲ. ಆದರೂ ಇವನ್ನು ಇಲ್ಲಿ ನೆನೆಯುತ್ತೇನೆ: ವಿಮಾನ ಮುಂದೆ ಹೋಗಿ ಇಳಿದ ಮೇಲೆ ಉಳಿಯುವ ಪ್ರತಿ ಮೀಟರಿನಲ್ಲೂ ಬ್ರೇಕಿಗೆ ಸಿಗಬಹುದಾದ ಹಿಡಿತವನ್ನು ಪೂರ್ತಿ ಉಳಿಸಿಕೊಡುವುದು ನೆಲದವರ ಹೊಣೆ.

ಯಂತ್ರವನ್ನು ಅರಿತುಕೊಳ್ಳಿ

ಬಳಕೆಯಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ಒಂದೇ ತತ್ವದವು. ಅಳೆಯುವ ಚಕ್ರವನ್ನು ವಾಹನದ ವೇಗಕ್ಕಿಂತ ನಿಗದಿತ ಪ್ರಮಾಣದಲ್ಲಿ ನಿಧಾನವಾಗಿ ತಿರುಗುವಂತೆ ಕಟ್ಟಿಹಾಕಿರುತ್ತಾರೆ. ಹಾಗಾಗಿ ಅದು ಸದಾ ಸ್ವಲ್ಪ ಜಾರುತ್ತಲೇ ಓಡುತ್ತದೆ; ಆ ಎಳೆತವನ್ನು ಚಕ್ರದ ಮೇಲಿನ ಭಾರದಿಂದ ಭಾಗಿಸಿದರೆ ಘರ್ಷಣಾಂಕ. ಕಾರಿನೊಳಗೇ ಐದನೇ ಚಕ್ರವಿರುವ ಸರ್ಫೇಸ್ ಫ್ರಿಕ್ಷನ್ ಟೆಸ್ಟರ್, ಹಿಂದೆ ಎಳೆದೊಯ್ಯುವ ಗ್ರಿಪ್‌ಟೆಸ್ಟರ್ ಮತ್ತು ಸ್ಕಿಡ್ಡೋಮೀಟರ್ ಈ ಜಾತಿಯವು. ಮ್ಯೂ-ಮೀಟರ್ ಬೇರೆ ಜಾತಿ: ಅದರ ಎರಡು ಚಕ್ರಗಳು ತಲಾ 7.5 ಡಿಗ್ರಿ ಹೊರಕ್ಕೆ ತಿರುಗಿರುತ್ತವೆ, ಅವು ಪರಸ್ಪರ ದೂರ ಸರಿಯಲು ನೋಡುವ ಬಲವನ್ನು ಅದು ಅಳೆಯುತ್ತದೆ.

ಯಂತ್ರ ಬದಲಾದರೆ ಸಂಖ್ಯೆ ಬದಲಾಗುತ್ತದೆ, ಮಿತಿಗಳೂ ಬದಲಾಗುತ್ತವೆ. 1 ಮಿ.ಮೀ. ನೀರಿನಲ್ಲಿ ಸರ್ಫೇಸ್ ಫ್ರಿಕ್ಷನ್ ಟೆಸ್ಟರ್‌ಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಕಾವೊ) ಹೇಳುವ ಮಟ್ಟಗಳು ಹೀಗಿವೆ: ಗಂಟೆಗೆ 65 ಕಿ.ಮೀ. ವೇಗದಲ್ಲಿ ಹೊಸ ರನ್‌ವೇಗೆ 0.82, ದುರಸ್ತಿ ಯೋಜಿಸಬೇಕಾದ ಮಟ್ಟ 0.60, ಕನಿಷ್ಠ ಮಟ್ಟ 0.50, 95 ಕಿ.ಮೀ. ವೇಗದಲ್ಲಿ ಕ್ರಮವಾಗಿ 0.74, 0.47, 0.34. ಗ್ರಿಪ್‌ಟೆಸ್ಟರ್‌ಗೆ ಇವೇ ಮಟ್ಟಗಳು 65ರಲ್ಲಿ 0.74, 0.53, 0.43, 95ರಲ್ಲಿ 0.64, 0.36, 0.24. ಅಂದರೆ 65ರ ವೇಗದಲ್ಲಿ 0.48 ಬಂದರೆ ಒಂದು ಯಂತ್ರದ ಪ್ರಕಾರ ರನ್‌ವೇ ಕನಿಷ್ಠಕ್ಕಿಂತ ಕೆಳಗಿದೆ, ಇನ್ನೊಂದರ ಪ್ರಕಾರ ಇನ್ನೂ ಮೇಲಿದೆ. ಒಂದು ಯಂತ್ರದ ಓದನ್ನು ಇನ್ನೊಂದರ ಕೋಷ್ಟಕಕ್ಕೆ ಹಿಡಿಯುವುದು ಈ ಕೆಲಸದಲ್ಲಿ ಆಗಬಹುದಾದ ಅತಿ ಅಪಾಯಕಾರಿ ತಪ್ಪು.

ವೇಗ ಎರಡೇಕೆ? ನೆಲದ ಒರಟುತನ ಎರಡು ಬಗೆ. ಕಲ್ಲಿನ ಮೈಯಲ್ಲಿರುವ, ಬೆರಳಿಗೆ ಉಪ್ಪುಕಾಗದದಂತೆ ತಗಲುವ ಸಣ್ಣ ಒರಟು ತೆಳು ನೀರಿನ ಪೊರೆಯನ್ನು ಹರಿದು ಟಯರಿಗೆ ನೆಲ ಮುಟ್ಟಿಸುತ್ತದೆ. ಕಲ್ಲುಗಳ ನಡುವಿನ ಸಂದುಗಳ ದೊಡ್ಡ ಒರಟು ನೀರಿಗೆ ಹೊರಹೋಗಲು ದಾರಿ ಕೊಡುತ್ತದೆ. ವೇಗ ಹೆಚ್ಚಿದಂತೆ ನೀರು ಹೊರಹೋಗಲು ಸಿಗುವ ಸಮಯ ಕಡಿಮೆಯಾಗುವುದರಿಂದ ದೊಡ್ಡ ಒರಟಿನ ಕೊರತೆ 95ರಲ್ಲಿ ಬಯಲಾಗುತ್ತದೆ. ನಾಸಾದ ವಾಲ್ಟರ್ ಹಾರ್ನ್ ಕೊಟ್ಟ ಸೂತ್ರ ಇಲ್ಲಿ ಉಪಯುಕ್ತ: ಟಯರು ನೀರಿನ ಮೇಲೆ ತೇಲತೊಡಗುವ ವೇಗ, ನಾಟ್‌ಗಳಲ್ಲಿ, ಟಯರಿನ ಒತ್ತಡದ (ಪಿಎಸ್‌ಐ, ಅಂದರೆ ಚದರ ಇಂಚಿಗೆ ಪೌಂಡ್) ವರ್ಗಮೂಲದ ಒಂಬತ್ತು ಪಟ್ಟು. 30 ಪಿಎಸ್‌ಐ ಇರುವ ಪರೀಕ್ಷಾ ಟಯರಿಗೆ ಅದು ಸುಮಾರು 49 ನಾಟ್, ಗಂಟೆಗೆ 91 ಕಿ.ಮೀ. ಲೆಕ್ಕದ ಮಟ್ಟಿಗೆ 95ರ ಓಟ ಆ ಗಡಿಯನ್ನು ದಾಟಿ ನೋಡುತ್ತದೆ, 65ರ ಓಟ ಗಡಿಯ ಈಚೆಗೆ ನಿಲ್ಲುತ್ತದೆ. 200 ಪಿಎಸ್‌ಐ ಇರುವ ವಿಮಾನದ ಟಯರಿಗೆ ಇದೇ ಲೆಕ್ಕ 127 ನಾಟ್. ಬೋಯಿಂಗ್ 737 ಇಳಿಯುವುದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ವೇಗದಲ್ಲಿ. ನಮ್ಮ ಟ್ರೇಲರ್ ಆ ವೇಗವನ್ನು ಎಂದೂ ಕಾಣದು. ಅದಕ್ಕೇ ಅದರ ಅಂಕಿ ನೆಲವನ್ನು ನೆಲದೊಂದಿಗೆ ಹೋಲಿಸಲು ಮಾತ್ರ, ವಿಮಾನ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಹೇಳಲು ಅಲ್ಲ.

ಎಷ್ಟು ದಿನಕ್ಕೊಮ್ಮೆ?

ನಿಮ್ಮ ವಿಮಾನ ನಿಲ್ದಾಣದ ಕೈಪಿಡಿಯಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಒಪ್ಪಿದ ಅವಧಿ ಇರುತ್ತದೆ, ಅದೇ ಅಂತಿಮ. ಹೋಲಿಕೆಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಸಲಹೆ ನೋಡಿ: ರನ್‌ವೇಯ ಒಂದು ತುದಿಯಲ್ಲಿ ದಿನಕ್ಕೆ ಇಳಿಯುವ ಜೆಟ್‌ಗಳು 15ಕ್ಕಿಂತ ಕಡಿಮೆಯಿದ್ದರೆ ವರ್ಷಕ್ಕೊಮ್ಮೆ, 16ರಿಂದ 30 ಇದ್ದರೆ ಆರು ತಿಂಗಳಿಗೆ, 31ರಿಂದ 90ಕ್ಕೆ ಮೂರು ತಿಂಗಳಿಗೆ, 91ರಿಂದ 150ಕ್ಕೆ ತಿಂಗಳಿಗೆ, 151ರಿಂದ 210ಕ್ಕೆ ಎರಡು ವಾರಕ್ಕೆ, ಅದಕ್ಕೂ ಹೆಚ್ಚಿದ್ದರೆ ವಾರಕ್ಕೊಮ್ಮೆ. ಶಿವಮೊಗ್ಗಕ್ಕೂ ಬೆಂಗಳೂರಿಗೂ ಇಲ್ಲಿ ಅಜಗಜಾಂತರ.

ಇದರ ಜೊತೆಗೆ ನನ್ನ ಸಲಹೆ: ಕರಾವಳಿ, ಮಲೆನಾಡಿನಲ್ಲಿ ಲೆಕ್ಕದ ದಿನ ಯಾವಾಗಲೇ ಬರಲಿ, ಮೇ ತಿಂಗಳ ಮೊದಲ ಭಾಗದಲ್ಲಿ ಒಂದು ಓಟ ಇರಲೇಬೇಕು. ಫಲಿತಾಂಶ ಕೆಟ್ಟದಾಗಿ ಬಂದರೆ ರಬ್ಬರ್ ತೆಗೆಸಿ ಮತ್ತೆ ಅಳೆಯಲು ಮುಂಗಾರಿಗೆ ಮುಂಚೆ ಸಮಯ ಉಳಿಯುತ್ತದೆ. ಹೊಸ ಡಾಂಬರು ಹಾಕಿದ ವರ್ಷವಂತೂ ಇನ್ನೂ ಎಚ್ಚರ ಬೇಕು: ಕಲ್ಲಿನ ಮೈಮೇಲೆ ಡಾಂಬರಿನ ಪೊರೆ ಇರುತ್ತದೆ, ಅದು ಸವೆಯುವವರೆಗೆ ಸಣ್ಣ ಒರಟು ಮುಚ್ಚಿಹೋಗಿರುತ್ತದೆ. ಹೊಸದು ಎಂದರೆ ಚೆನ್ನಾಗಿಯೇ ಇರುತ್ತದೆ ಎಂದು ನಂಬಬಾರದು.

ಒಣ ದಿನದ ಪರೀಕ್ಷೆ, ಹಂತ ಹಂತವಾಗಿ

1. ಸಮಯ ಪಡೆಯಿರಿ. ರನ್‌ವೇ ಮುಚ್ಚುವ ಅವಧಿಯನ್ನು ಟವರ್‌ನೊಂದಿಗೆ ಮೊದಲೇ ನಿಗದಿಮಾಡಿ, ಬೇಕಿದ್ದರೆ ನೋಟಾಮ್ (ಪೈಲಟ್‌ಗಳಿಗೆ ಕೊಡುವ ಅಧಿಕೃತ ಸೂಚನೆ) ಹೊರಡಿಸಿ. ವಿಮಾನಗಳ ನಡುವಿನ ಸಂದಿನಲ್ಲಿ ಅವಸರದಿಂದ ಓಡಿಸಿದ ಪರೀಕ್ಷೆಯಲ್ಲಿ ವೇಗ ಸ್ಥಿರವಾಗಿರುವುದಿಲ್ಲ.

2. ನೀರಿನ ಲೆಕ್ಕ ಹಾಕಿ. ಚಕ್ರದ ಮುಂದೆ 10 ಸೆಂ.ಮೀ. ಅಗಲದ ಪಟ್ಟಿಗೆ 1 ಮಿ.ಮೀ. ನೀರು ಬೀಳಬೇಕೆಂದರೆ ಪ್ರತಿ ಮೀಟರಿಗೆ 100 ಮಿಲಿಲೀಟರ್. ಮಂಗಳೂರಿನ 2,450 ಮೀಟರ್ ರನ್‌ವೇಯಲ್ಲಿ ಎರಡೂ ತುದಿಯಲ್ಲಿ 150 ಮೀಟರ್ ಬಿಟ್ಟರೆ ಒಂದು ಓಟಕ್ಕೆ 215 ಲೀಟರ್. ಬೆಂಗಳೂರಿನ 4,000 ಮೀಟರ್ ರನ್‌ವೇಗೆ 370 ಲೀಟರ್. ವೇಗ ಹೆಚ್ಚಿದರೂ ಮೀಟರಿಗೆ ಬೇಕಾದ ನೀರು ಅಷ್ಟೇ, ಆದರೆ ಪಂಪು ಸೆಕೆಂಡಿಗೆ ಹೊರಹಾಕಬೇಕಾದ ನೀರು 65ರಲ್ಲಿ 1.8 ಲೀಟರ್, 95ರಲ್ಲಿ 2.6 ಲೀಟರ್. ನಿಮ್ಮ ಯಂತ್ರದ ನಿಜವಾದ ಪಟ್ಟಿಯ ಅಗಲ ಹಾಕಿ ಇದೇ ಲೆಕ್ಕ ಮಾಡಿಕೊಳ್ಳಿ, ಓಟದ ನಂತರ ಟ್ಯಾಂಕಿನಲ್ಲಿ ಇಳಿದ ಮಟ್ಟಕ್ಕೆ ತಾಳೆ ನೋಡಿ. ಅರ್ಧ ಕಟ್ಟಿದ ನಳಿಗೆ ಕೆಟ್ಟ ರನ್‌ವೇಯನ್ನು ಒಳ್ಳೆಯದೆಂದು ತೋರಿಸುತ್ತದೆ. ಬಾವಿ ನೀರು ಬಳಸುವುದಾದರೆ ಸೋಸಿ ತುಂಬಿ.

3. ಕ್ಯಾಲಿಬ್ರೇಷನ್. ಭಾರ ಮತ್ತು ಎಳೆತದ ಸೆನ್ಸರ್‌ಗಳನ್ನು ತಯಾರಕರ ವಿಧಾನದಂತೆ ಪರಿಶೀಲಿಸಿ. ಟಯರಿನ ಗಾಳಿ ಅಳೆಯಿರಿ. ಸರ್ಫೇಸ್ ಫ್ರಿಕ್ಷನ್ ಟೆಸ್ಟರ್‌ಗೆ 210, ಗ್ರಿಪ್‌ಟೆಸ್ಟರ್‌ಗೆ 140, ಮ್ಯೂ-ಮೀಟರ್‌ಗೆ 70 ಕಿಲೋಪಾಸ್ಕಲ್. ಟಯರು ಸವೆದ ಗುರುತು ಮುಟ್ಟಿದ್ದರೆ ಬದಲಿಸಿ. ಹೊಸ ಟಯರನ್ನು ಸ್ವಲ್ಪ ಓಡಿಸಿ ಮೈ ಹದವಾದ ಮೇಲೆಯೇ ಅಳತೆಗೆ ಹಚ್ಚಿ.

4. ನೆಲ ನೋಡಿ. ಯಂತ್ರ ಓಡಿಸುವ ಮುಂಚೆ ನಡೆದೋ ಜೀಪಿನಲ್ಲೋ ಹೋಗಿ ರಬ್ಬರಿನ ಕಪ್ಪು ಎಲ್ಲಿಂದ ಎಲ್ಲಿಯವರೆಗೆ ಇದೆ, ಎಣ್ಣೆ ಕಲೆ, ಬಣ್ಣದ ಪಟ್ಟಿ, ತೇಪೆ ಎಲ್ಲಿವೆ ಎಂದು ಬರೆದುಕೊಳ್ಳಿ. ನಂತರ ಗ್ರಾಫಿನಲ್ಲಿ ಕಾಣುವ ಪ್ರತಿಯೊಂದು ತಗ್ಗಿಗೂ ಈ ಟಿಪ್ಪಣಿಯೇ ಕಾರಣ ಹೇಳುತ್ತದೆ.

5. ಸಾಲು ಆರಿಸಿ. ಏರ್‌ಬಸ್ 320, ಬೋಯಿಂಗ್ 737 ಮಾತ್ರ ಬರುವಲ್ಲಿ ಸೆಂಟರ್‌ಲೈನ್‌ನಿಂದ 3 ಮೀಟರ್. ದೊಡ್ಡ ವಿಮಾನಗಳೂ ಇಳಿಯುವಲ್ಲಿ 3 ಮೀಟರ್ ಮತ್ತು 6 ಮೀಟರ್ ಎರಡೂ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಮಾಡಿದರೆ ಎರಡೂ ತುದಿಗಳ ಟಚ್‌ಡೌನ್ ಭಾಗಗಳು, ಅಂದರೆ ಇಳಿಯುವ ವಿಮಾನದ ಚಕ್ರ ಮೊದಲು ನೆಲ ಮುಟ್ಟುವ ಜಾಗಗಳು, ಸಿಗುತ್ತವೆ.

6. ಓಡಿಸಿ. ಥ್ರೆಶೋಲ್ಡ್‌ನಿಂದ (ಇಳಿಯುವ ಭಾಗ ಶುರುವಾಗುವ ಗೆರೆ) 150 ಮೀಟರ್ ಒಳಗೆ ಬರುವಷ್ಟರಲ್ಲಿ ವೇಗ ಸ್ಥಿರವಾಗಿ, ನೀರು ಹರಿಯುತ್ತಿರಬೇಕು. 65ರ ಓಟವನ್ನು ಕೊನೆಯ 150 ಮೀಟರ್ ಬಿಟ್ಟು ಮುಗಿಸಿ, 95ರದ್ದನ್ನು 300 ಮೀಟರ್ ಬಿಟ್ಟು. ನಾವು ಓಡುತ್ತಿರುವುದೂ ಒದ್ದೆ ನೆಲದ ಮೇಲೆಯೇ, ಟ್ರೇಲರ್ ಕಟ್ಟಿಕೊಂಡು. ಆಚೆ ಕಣಿವೆಯಿರುವ ರನ್‌ವೇಯಲ್ಲಿ ಈ 300 ಮೀಟರ್ ಬಿಟ್ಟುಕೊಡುವ ಬಗ್ಗೆ ಚೌಕಾಸಿ ಬೇಡ. ಒಬ್ಬರು ಓಡಿಸಲಿ, ಇನ್ನೊಬ್ಬರು ವಾಕಿಟಾಕಿ ಮತ್ತು ಪರದೆ ನೋಡಲಿ.

7. ಮುಗಿದ ಮೇಲೆ ರನ್‌ವೇ ಪೂರ್ತಿ ನೋಡಿ ಬನ್ನಿ. ಟ್ರೇಲರಿನಿಂದ ಬಿದ್ದ ಒಂದು ನಟ್ಟು ಇಂಜಿನ್ನಿಗೆ ಸಾಕು. ಆಮೇಲೆಯೇ ಟವರ್‌ಗೆ ರನ್‌ವೇ ಖಾಲಿ ಎಂದು ಹೇಳಿ.

ಗಾಳಿ ಜೋರಾಗಿ ಅಡ್ಡ ಬೀಸುವ ದಿನ ಪರೀಕ್ಷೆ ಮುಂದೂಡಿ, ನಳಿಗೆಯಿಂದ ಬಿದ್ದ ನೀರು ಚಕ್ರದ ದಾರಿಯಿಂದ ಪಕ್ಕಕ್ಕೆ ಹಾರುತ್ತದೆ. ಮಳೆ ನಿಂತ ಕೂಡಲೇ ಈ ಪರೀಕ್ಷೆ ಮಾಡಲೂ ಹೋಗಬೇಡಿ. ನೆಲದ ಸಂದುಗಳಲ್ಲಿ ಉಳಿದ ನೀರಿನ ಮೇಲೆ ನಿಮ್ಮ 1 ಮಿ.ಮೀ. ಸೇರಿ ಎಷ್ಟಾಯಿತೆಂದು ಯಾರಿಗೂ ಗೊತ್ತಾಗದು.

ಗ್ರಾಫ್ ಓದುವುದು

ಇಡೀ ರನ್‌ವೇಯ ಸರಾಸರಿಯನ್ನು ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ನಡುವಿನ ಭಾಗದಲ್ಲಿ ರಬ್ಬರ್ ಇರುವುದಿಲ್ಲ, ಅಲ್ಲಿನ ಒಳ್ಳೆಯ ಅಂಕಿ ಟಚ್‌ಡೌನ್ ಭಾಗದ ಕೆಟ್ಟ ಅಂಕಿಯನ್ನು ಮುಚ್ಚಿಹಾಕುತ್ತದೆ. ಸುಮಾರು 100 ಮೀಟರ್ ಉದ್ದ ಕನಿಷ್ಠಕ್ಕಿಂತ ಕೆಳಗಿದ್ದರೂ ಅದು ಗಂಭೀರವೇ ಎಂಬುದು ಐಕಾವೊ ನಿಲುವು. ಆದ್ದರಿಂದ ತುಂಡು ತುಂಡಾಗಿ ಓದಿ.

ಎರಡು ವೇಗದ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಡಿ. ಎರಡರಲ್ಲೂ ಒಂದೇ ಜಾಗದಲ್ಲಿ ತಗ್ಗಿದ್ದು, ಅದು ಥ್ರೆಶೋಲ್ಡ್‌ನಿಂದ ಕೆಲವು ನೂರು ಮೀಟರ್ ಒಳಗಿನ ಕಪ್ಪು ಪಟ್ಟಿಗೆ ಹೊಂದಿದರೆ ರಬ್ಬರ್. ಮಲೆನಾಡಿನ ಅಂಗಳದ ಕಲ್ಲು ಪಾಚಿ ಕಟ್ಟಿದಾಗ ಜಾರುವಂತೆ, ಇಲ್ಲಿ ಕಲ್ಲು ಕೆಟ್ಟಿಲ್ಲ, ಅದರ ಮೇಲೆ ಕೂತದ್ದು ಕೆಟ್ಟದ್ದು. ತೆಗೆದರೆ ಹಿಡಿತ ಮರಳುತ್ತದೆ. 65ರಲ್ಲಿ ಚೆನ್ನಾಗಿದ್ದು 95ರಲ್ಲಿ ಕಡಿದಾಗಿ ಇಳಿದರೆ ದೊಡ್ಡ ಒರಟು ಸಾಲದು, ನೀರಿಗೆ ದಾರಿಯಿಲ್ಲ. ಉದ್ದಕ್ಕೂ 65ರಲ್ಲೇ ಕಡಿಮೆಯಿದ್ದು ರಬ್ಬರೂ ಕಾಣದಿದ್ದರೆ ಕಲ್ಲು ನಯವಾಗಿ ಸವೆದಿದೆ, ಅಥವಾ ಡಾಂಬರು ಮೇಲಕ್ಕೆ ಉಕ್ಕಿದೆ.

ಅನುಮಾನ ಬಂದ ಜಾಗದಲ್ಲಿ ಒರಟಿನ ಆಳವನ್ನೇ ಅಳೆಯಿರಿ. ಗ್ರೀಸ್ ವಿಧಾನಕ್ಕೆ ಖರ್ಚಿಲ್ಲ: ಒಣ ನೆಲದ ಮೇಲೆ 10 ಸೆಂ.ಮೀ. ಅಂತರದಲ್ಲಿ ಎರಡು ಟೇಪು ಅಂಟಿಸಿ, ನಡುವೆ 15 ಘನ ಸೆಂ.ಮೀ. ಗ್ರೀಸನ್ನು ರಬ್ಬರ್ ಅಲಗಿನಿಂದ ಸಂದುಗಳಿಗೆ ತುಂಬುತ್ತಾ ಎಳೆಯಿರಿ. ಅದು 15 ಸೆಂ.ಮೀ. ಉದ್ದಕ್ಕೆ ಮುಗಿದರೆ ಸರಾಸರಿ ಆಳ 1 ಮಿ.ಮೀ.; 30 ಸೆಂ.ಮೀ. ಹರಡಿದರೆ ಅರ್ಧ ಮಿ.ಮೀ. ಹೊಸ ಮೇಲ್ಮೈಗೆ ಐಕಾವೊ ಬಯಸುವುದು 1 ಮಿ.ಮೀ.ಗೆ ಕಡಿಮೆಯಿಲ್ಲದ ಆಳ. ಅಳೆದ ಮೇಲೆ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯುವುದೂ ಕೆಲಸದ ಭಾಗ. ನೀರು ಹರಿಯಲು ಗೀರು (ಗ್ರೂವ್) ಕೊರೆದ ರನ್‌ವೇಯಾದರೆ ಗೀರುಗಳ ಆಳವನ್ನೂ ನೋಡಿ: ಎಫ್‌ಎಎ ಮಾದರಿಯಲ್ಲಿ ಅವು 6 ಮಿ.ಮೀ. ಆಳ, 6 ಮಿ.ಮೀ. ಅಗಲ, 38 ಮಿ.ಮೀ. ಅಂತರ.

ಮಳೆಯಲ್ಲಿ

ಸ್ವಂತ ನೀರಿನ ಪರೀಕ್ಷೆ ಒಂದನ್ನು ಎಂದೂ ತೋರಿಸದು: ನೀರು ನಿಲ್ಲುವ ಜಾಗ. ಯಂತ್ರ ಎಲ್ಲ ಕಡೆಯೂ ಸಮನಾಗಿ 1 ಮಿ.ಮೀ. ಹಾಕಿಕೊಂಡು ಹೋಗುತ್ತದೆ, ಆಕಾಶ ಹಾಗಲ್ಲ. ಆದ್ದರಿಂದ ಜಡಿಮಳೆಯ ದಿನ ರನ್‌ವೇ ನೋಡಿ ಬರುವುದು ಪ್ರತ್ಯೇಕ ಪರೀಕ್ಷೆಯೆಂದೇ ತಿಳಿಯಿರಿ. 45 ಮೀಟರ್ ಅಗಲದ ರನ್‌ವೇಗೆ ನಡುವಿನಿಂದ ಅಂಚಿಗೆ ಶೇ 1.5 ಇಳಿಜಾರಿದ್ದರೆ ಅಂಚು ಸುಮಾರು 34 ಸೆಂ.ಮೀ. ತಗ್ಗಿನಲ್ಲಿರುತ್ತದೆ, ಅಷ್ಟರಲ್ಲೇ ಎಲ್ಲ ನೀರೂ ಹೋಗಬೇಕು. ಚಕ್ರದ ದಾರಿಯಲ್ಲಿ ನೆಲ ಕುಗ್ಗಿದ್ದರೆ, ಅಂಚಿನ ಹುಲ್ಲು ಮಣ್ಣು ಕಟ್ಟಿ ರನ್‌ವೇಗಿಂತ ಎತ್ತರವಾಗಿದ್ದರೆ, ನೀರು ಅಲ್ಲೇ ಕೂರುತ್ತದೆ. ಮಳೆ ನಿಂತ ಮೇಲೆ ಯಾವ ಭಾಗ ಕೊನೆಗೆ ಒಣಗುತ್ತದೆ ಎಂದು ಫೋಟೊ ತೆಗೆದಿಡಿ. ವರ್ಷ ವರ್ಷದ ಆ ಫೋಟೊಗಳ ಮುಂದೆ ಯಾವ ದುಬಾರಿ ಯಂತ್ರವೂ ನಿಲ್ಲದು.

ಪೈಲಟ್‌ಗೆ ಕೊಡುವ ವರದಿಗೆ 2021ರ ನವೆಂಬರ್ 4ರಿಂದ ಜಗತ್ತಿನಾದ್ಯಂತ ಒಂದೇ ಪದ್ಧತಿಯಿದೆ. ಅದರ ಬೇರು 2005ರ ಡಿಸೆಂಬರ್ 8ರ ಶಿಕಾಗೊದಲ್ಲಿದೆ: ಮಿಡ್‌ವೇ ನಿಲ್ದಾಣದ ಹಿಮದ ರನ್‌ವೇಯಲ್ಲಿ ಸೌತ್‌ವೆಸ್ಟ್ ವಿಮಾನ ಬೇಲಿ ಮುರಿದು ರಸ್ತೆಗೆ ನುಗ್ಗಿ, ಕಾರಿನಲ್ಲಿದ್ದ ಆರು ವರ್ಷದ ಮಗು ಸತ್ತಿತು. ನೆಲದವರ ಭಾಷೆಯೂ ಪೈಲಟ್‌ನ ಲೆಕ್ಕವೂ ಒಂದಕ್ಕೊಂದು ಹೊಂದುವಂತೆ ಮಾಡುವ ಕೆಲಸ ಆಮೇಲೆ ಶುರುವಾಯಿತು.

ವಿಧಾನ ಹೀಗೆ. ರನ್‌ವೇಯನ್ನು ಮೂರು ಪಾಲು ಮಾಡಿ, ಚಿಕ್ಕ ಸಂಖ್ಯೆಯ ತುದಿಯಿಂದ ಎಣಿಸಿ. ಮಂಗಳೂರಿನಲ್ಲಿ 06ರ ಕಡೆಯಿಂದ. ಪ್ರತಿ ಪಾಲಿನಲ್ಲಿ ನೀರು ಎಷ್ಟು ಭಾಗ ಆವರಿಸಿದೆ, ಎಷ್ಟು ಆಳ ಎಂದು ಹಲವು ಕಡೆ ಅಳೆಯಿರಿ. ಅದರ ಮೇಲೆ ಪ್ರತಿ ಪಾಲಿಗೂ ಒಂದು ಸಂಕೇತ: 6 ಅತಿ ಒಳ್ಳೆಯದು, 0 ಅತಿ ಕೆಟ್ಟದ್ದು. ಒಣಗಿದ್ದರೆ, ಅಥವಾ ಒದ್ದೆ ಭಾಗ ಶೇ 25 ದಾಟದಿದ್ದರೆ, ಸಂಕೇತ 6. ಕಣ್ಣಿಗೆ ಕಾಣುವ ತೇವದಿಂದ 3 ಮಿ.ಮೀ.ವರೆಗೆ ಒದ್ದೆ, ಸಂಕೇತ 5. ಅದಕ್ಕಿಂತ ಆಳವಿದ್ದರೆ ನಿಂತ ನೀರು, ಸಂಕೇತ 2. ಐದರಿಂದ ಎರಡಕ್ಕೆ ಈ ಒಂದೇ ಜಿಗಿತ ನೋಡಿದರೆ 3 ಮಿ.ಮೀ. ಅಳತೆಪಟ್ಟಿ ಜೀಪಿನಲ್ಲಿ ಯಾಕೆ ಸದಾ ಇರಬೇಕೆಂದು ತಿಳಿಯುತ್ತದೆ. ಮೊದಲೆರಡು ಪಾಲು ಒದ್ದೆಯಾಗಿದ್ದು, ಕೊನೆಯ ಪಾಲಿನಲ್ಲಿ ಮಾತ್ರ 4 ಮಿ.ಮೀ. ನೀರು ನಿಂತಿದ್ದರೆ ವರದಿ 5/5/2.

ಒಣ ದಿನದ ಪರೀಕ್ಷೆ ಇಲ್ಲಿ ಬಂದು ಸೇರುತ್ತದೆ. ಆ ಪರೀಕ್ಷೆಯಲ್ಲಿ ಕನಿಷ್ಠಕ್ಕಿಂತ ಕೆಳಗೆ ಬಂದ ಭಾಗ ಒದ್ದೆಯಾದರೆ ಅದಕ್ಕೆ 5 ಕೊಡುವಂತಿಲ್ಲ. ‘ಒದ್ದೆಯಾದಾಗ ಜಾರುವ ರನ್‌ವೇ’ ಎಂದು 3 ಕೊಡಬೇಕು. ಬೇಸಿಗೆಯಲ್ಲಿ ಅಳೆಯದೆ ಬಿಟ್ಟವರು ಆಷಾಢದಲ್ಲಿ ತಪ್ಪು ಸಂಕೇತ ಕೊಡುವುದು ಹೀಗೆ.

ಮಳೆ ಹೆಚ್ಚಿದಾಗ, ಇಳಿದಾಗ ಮತ್ತೆ ನೋಡಿ. ಇಳಿದ ಪೈಲಟ್‌ಗಳು ಬ್ರೇಕ್ ಸರಿಯಾಗಿ ಹಿಡಿಯಲಿಲ್ಲ ಎಂದು ಒಬ್ಬರ ಹಿಂದೊಬ್ಬರು ಹೇಳಿದರೆ ನಿಮ್ಮ ಸಂಕೇತವನ್ನು ಸಮರ್ಥಿಸುತ್ತಾ ಕೂರಬೇಡಿ, ಹೊರಟು ಮತ್ತೆ ಅಳೆಯಿರಿ.

ಬಿಸಿಲು, ಮೊದಲ ಮಳೆ, ಮಂಜು

ಕಲಬುರಗಿ, ಬೀದರ್ ಕಡೆಯ ಬೇಸಿಗೆಯಲ್ಲಿ ಟಯರಿನ ರಬ್ಬರು ಮೆತ್ತಗಾಗಿ ಓದು ಸ್ವಲ್ಪ ಬದಲಾಗುತ್ತದೆ. ಗಾಳಿಯ ಮತ್ತು ನೆಲದ ಉಷ್ಣತೆಯನ್ನು ವರದಿಯಲ್ಲಿ ಬರೆಯಿರಿ, ಕಳೆದ ಪರೀಕ್ಷೆಯನ್ನು ಬೆಳಿಗ್ಗೆ ಮಾಡಿದ್ದರೆ ಇದನ್ನೂ ಬೆಳಿಗ್ಗೆಯೇ ಮಾಡಿ. ತಿಂಗಳುಗಟ್ಟಲೆ ಒಣಗಿದ ರನ್‌ವೇ ಮೇಲೆ ಧೂಳು, ರಬ್ಬರಿನ ಪುಡಿ, ಎಣ್ಣೆ ಕೂತಿರುತ್ತದೆ. ಏಪ್ರಿಲ್‌ನ ಮಾವಿನ ಮಳೆಯ ಮೊದಲ ಹನಿಗಳು ಅದನ್ನು ತೊಳೆಯುವುದಿಲ್ಲ, ಕಲಸುತ್ತವೆ. ಆ ಹೊತ್ತಿನ ನೆಲ ಜುಲೈನ ಜಡಿಮಳೆಯ ನೆಲಕ್ಕಿಂತ ಹೆಚ್ಚು ಜಾರಬಹುದು. ಹವಾಮಾನ ಮುನ್ಸೂಚನೆ ನೋಡಿ ಮುಂಚೆಯೇ ಗುಡಿಸುವ ವಾಹನ ಓಡಿಸುವುದು ಒಳ್ಳೆಯದು.

ಬೆಂಗಳೂರಿನ ಚಳಿಗಾಲದ ಮಂಜಿನಲ್ಲಿ ಮಳೆಯಿಲ್ಲದೆಯೂ ರನ್‌ವೇ ಒದ್ದೆಯಾಗುತ್ತದೆ. ಈಗಿನ ಪದ್ಧತಿಯಲ್ಲಿ ಕಾಣುವ ತೇವವೂ ‘ಒದ್ದೆ’ಯೇ. ಮಳೆ ಬಂದಿಲ್ಲ ಎಂದು ನೋಡದೆಯೇ 6 ಕೊಡಬೇಡಿ.

ಹಿಮದಲ್ಲಿ

ಕರ್ನಾಟಕದಲ್ಲಿ ಇದರ ಅಗತ್ಯವಿಲ್ಲ, ಆದರೆ ಶ್ರೀನಗರ, ಲೇಹ್‌ನಲ್ಲೋ ಕೆನಡಾ, ನಾರ್ವೆಯಲ್ಲೋ ಕೆಲಸ ಮಾಡುವ ನಮ್ಮವರಿದ್ದಾರೆ. ಇಲ್ಲಿ ಸ್ವಂತ ನೀರು ಹಾಕಲೇಬಾರದು, ಹಾಕಿದ್ದು ಹೆಪ್ಪುಗಟ್ಟುತ್ತದೆ. ಒತ್ತಿ ಗಟ್ಟಿಯಾದ ಹಿಮ ಮತ್ತು ಮಂಜುಗಡ್ಡೆಯ ಮೇಲೆ ಯಂತ್ರದ ಓದಿಗೆ ಸ್ವಲ್ಪ ಬೆಲೆಯಿದೆ. ಕೆಸರಾದ ಹಿಮದಲ್ಲಿ ಟಯರು ಅದನ್ನು ಸೀಳುವ ಶ್ರಮವೂ ಘರ್ಷಣೆಯಾಗಿ ದಾಖಲಾಗಿ ಹುಸಿ ಭರವಸೆ ಕೊಡುತ್ತದೆ. ಸಂಕೇತಗಳು ಉಷ್ಣತೆಯನ್ನೂ ಅವಲಂಬಿಸುತ್ತವೆ: ಗಟ್ಟಿ ಹಿಮ ಮೈನಸ್ 15 ಡಿಗ್ರಿ ಅಥವಾ ಅದಕ್ಕೂ ತಣ್ಣಗಿನ ಗಾಳಿಯಲ್ಲಿ 4, ಅದಕ್ಕಿಂತ ಬೆಚ್ಚಗಿದ್ದರೆ 3. ಮಂಜುಗಡ್ಡೆ 1. ಅದರ ಮೇಲೆ ನೀರು ನಿಂತರೆ 0, ಆಗ ವಿಮಾನ ಇಳಿಯುವಂತಿಲ್ಲ. ಸೂರ್ಯ ಮೇಲೆ ಬಂದು ಗಡ್ಡೆಯ ಮೈ ಕರಗತೊಡಗುವ ಹೊತ್ತು ಬಹಳ ಕೆಟ್ಟದ್ದು, ಅರ್ಧ ಗಂಟೆ ಹಿಂದಿನ ವರದಿಯನ್ನೂ ನಂಬಬೇಡಿ. ಮರಳು ಹಾಕಿ, ಯಂತ್ರದಿಂದ ಅಳೆದು, ಉಳಿದ ಎಲ್ಲ ಸಾಕ್ಷ್ಯವೂ ಹೊಂದಿದರೆ 1 ಅಥವಾ 0ಯನ್ನು ಮೇಲಕ್ಕೇರಿಸಬಹುದು, ಆದರೆ 3ಕ್ಕಿಂತ ಮೇಲೆ ಇಲ್ಲ.

ಅಂಕಿ ಕೆಳಗೆ ಬಂದರೆ

ಕನಿಷ್ಠಕ್ಕಿಂತ ಕೆಳಗಿನ ಫಲಿತಾಂಶ ಖಚಿತವಾದ ದಿನವೇ ನೋಟಾಮ್ ಹೋಗಬೇಕು. ಮೊದಲು ದುರಸ್ತಿ ಮಾಡಿ ಆಮೇಲೆ ಹೇಳೋಣ ಎನ್ನುವ ಒತ್ತಡ ಬರುತ್ತದೆ. ಆ ನಡುವೆ ಮಳೆಯೂ ಬರುತ್ತದೆ. ರಬ್ಬರ್ ತೆಗೆಯಲು ಅಧಿಕ ಒತ್ತಡದ ನೀರು, ರಾಸಾಯನಿಕ, ಉಕ್ಕಿನ ಗುಂಡು ಸಿಡಿಸುವುದು ಹೀಗೆ ದಾರಿಗಳಿವೆ. ನೀರಿನ ಒತ್ತಡ ಮಿತಿಮೀರಿದರೆ ಡಾಂಬರು ಕಿತ್ತು ಕಲ್ಲು ಸಡಿಲಾಗುತ್ತದೆ, ಹಾಗಾಗಿ ಮೊದಲು ಚಿಕ್ಕ ಭಾಗದಲ್ಲಿ ಪ್ರಯೋಗ ಮಾಡಿಸಿ, ಅಲ್ಲಿ ಅಳೆದು, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ಬಣ್ಣದ ಗುರುತುಗಳು ಅಳಿಸಿದ್ದರೆ ಹೊಸದಾಗಿ ಬಳಿಸಿ. ನಂತರ ಅದೇ ಯಂತ್ರ, ಅದೇ ಸಾಲು, ಅದೇ ಎರಡು ವೇಗದಲ್ಲಿ ಮತ್ತೆ ಓಡಿಸಿ. ಎರಡೂ ವೇಗದ ಅಂಕಿಗಳು ದುರಸ್ತಿ ಯೋಜಿಸಬೇಕಾದ ಮಟ್ಟದ ಮೇಲಕ್ಕೆ ಬಂದ ಮೇಲೆ ನೋಟಾಮ್ ಹಿಂತೆಗೆದು, ಹಳೆಯ ಮತ್ತು ಹೊಸ ಗ್ರಾಫ್ ಎರಡನ್ನೂ ಒಂದೇ ಕಡತದಲ್ಲಿ ಇಡಿ.